ಪೆನ್ನಾಗರಂನ ಮತಗಟ್ಟೆಯಲ್ಲಿ ಜಾಲಹಳ್ಳಿ

ಹೊಗೇನಕಲ್ ನೋಡಲು ಹೋಗುವವರಿಗೆ ಪೆನ್ನಾಗರಂ ದಾರಿಯಲ್ಲಿ ಸಿಗುವ ಊರು. ಧರ್ಮಪುರಿಯಿಂದ ಸುಮಾರು 30 ಕಿ.ಮೀ. ಅಲ್ಲಿಂದ ಮುಂದೆ ಕಾಡು, ಇಳಿಜಾರು, ತಿರುವು, ಕಡೆಗೆ ಕಾವೇರಿ. ನೀರು ಬಂಡೆಗೆ ಬಡಿದು ಹೊಗೆಯಾಗಿ ಏಳುವ ಆ ಜಾಗಕ್ಕೆ ಇಂದಿಗೂ ನಮ್ಮ ಮಾತಿನದೇ ಹೆಸರು: ಹೊಗೆಯ ಕಲ್ಲು. ಹರಿಗೋಲಿನಲ್ಲಿ ಕೂತು ನೋಡಿದರೆ ಆಚೆ ದಡ ಚಾಮರಾಜನಗರ ಜಿಲ್ಲೆ. ಈ ಸೀಮೆಯನ್ನು ನೊಳಂಬರು ಆಳಿದ್ದಾರೆ, ಧರ್ಮಪುರಿಯಲ್ಲಿ ಅವರ ಕಾಲದ ಕನ್ನಡ ಶಾಸನಗಳಿವೆ. ಹೈದರ್, ಟಿಪ್ಪು ಕಾಲದಲ್ಲಿ ಇದು ಬಾರಾಮಹಲ್. ಪೆನ್ನಾಗರಂನಲ್ಲಿದ್ದ ಮೈಸೂರಿನ ಕೋಟೆಯನ್ನು 1791ರಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್‌ನ ಪಡೆ ಏಣಿ ಹಾಕಿ ಹತ್ತಿ ಹಿಡಿಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಡೀ ಬಾರಾಮಹಲ್ ಮೈಸೂರಿನ ಕೈಬಿಟ್ಟಿತು.

ನಾನು ಹೊರಟಿದ್ದು ಹೊಗೆ ನೋಡಲು. ತಿರುಗಿ ಬರುವಾಗ ತಲೆ ತುಂಬ ಇದ್ದದ್ದು ಬೆಂಗಳೂರಿನ ಜಾಲಹಳ್ಳಿಯ ಒಂದು ಕಾರ್ಖಾನೆ! ಅದಕ್ಕೆ ಕಾರಣ ಒಬ್ಬ ತಮಿಳು ಕಾದಂಬರಿಕಾರ.

ತಮಿಳುನಾಡಿನ ಯಾವ ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಹೋದರೂ ಸುಜಾತಾ ಎಂಬ ಹೆಸರು ಕಾಣುತ್ತದೆ. ಪತ್ತೇದಾರಿ ಕಥೆ, ವೈಜ್ಞಾನಿಕ ಕಾದಂಬರಿ, ಸಿನಿಮಾ ಸಂಭಾಷಣೆ, ಹೀಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಮಣಿರತ್ನಂ ಅವರ ‘ರೋಜಾ’ದ ಮಾತುಗಳು ಅವರವೇ. ಸುಜಾತಾ ಎಂಬುದು ಅವರ ಹೆಂಡತಿಯ ಹೆಸರು, ಬರೆಯುತ್ತಿದ್ದವರು ಎಸ್. ರಂಗರಾಜನ್. ಈ ರಂಗರಾಜನ್ ಹಗಲು ಹೊತ್ತು ಏನು ಮಾಡುತ್ತಿದ್ದರು ಗೊತ್ತೆ? ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ, ನಾವೆಲ್ಲ ಬಿಇಎಲ್ ಎನ್ನುವ ಆ ಫ್ಯಾಕ್ಟರಿಯಲ್ಲಿ ಎಂಜಿನಿಯರ್! ವಿದ್ಯುನ್ಮಾನ ಮತಯಂತ್ರವನ್ನು ರೂಪಿಸಿದ ಬಿಇಎಲ್ ತಂಡದ ಮುಂದಾಳುಗಳಲ್ಲಿ ಒಬ್ಬರು! ಬೆಂಗಳೂರಿನಲ್ಲಿ ಕೂತು ರಾತ್ರಿ ತಮಿಳರ ಕಲ್ಪನೆಯನ್ನು ಆಳಿದ ಮನುಷ್ಯ, ಬೆಳಗಾದರೆ ಇಡೀ ದೇಶ ಒತ್ತಲಿದ್ದ ಗುಂಡಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಪೆನ್ನಾಗರಂನ ಓದುಗರು ಅವರ ಕಥೆಯನ್ನೂ ಓದಿದ್ದಾರೆ, ಅಂಥ ಯಂತ್ರದಲ್ಲೇ ಮತವನ್ನೂ ಹಾಕಿದ್ದಾರೆ. ಈ ಎರಡರ ಹಿಂದೆಯೂ ಒಂದೇ ತಲೆ ದುಡಿದಿತ್ತೆಂದು ನನಗೆ ತಿಳಿದಾಗ ಮೈ ಜುಮ್ಮೆಂದಿತು.

ಆ ಯಂತ್ರದ ಕಥೆಯೇ ಒಂದು ಕಾದಂಬರಿ. ಮೊದಲ ಮಾದರಿಯನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್. ಆಮೇಲೆ ಬಿಇಎಲ್ ಜೊತೆಗೂಡಿತು. 1982ರ ಮೇ 19ರಂದು ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ತಡೆಯಿತು. ಸಂಸತ್ತು 1988ರ ಡಿಸೆಂಬರ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು, ಯಂತ್ರಗಳೂ ತಯಾರಾದವು. ತಯಾರಾಗಿ ಸುಮ್ಮನೆ ಕೂತವು, ಹತ್ತಿರ ಹತ್ತಿರ ಒಂದು ದಶಕ! 1998ರ ನವೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದಿಲ್ಲಿಯ 16 ಕ್ಷೇತ್ರಗಳಲ್ಲಿ ಅವಕ್ಕೆ ಮತ್ತೆ ಜೀವ ಬಂತು. 2004ರ ಲೋಕಸಭಾ ಚುನಾವಣೆ ಪೂರ್ತಿಯಾಗಿ ಯಂತ್ರದಲ್ಲೇ ನಡೆಯಿತು.

ಯಂತ್ರ ಕೂತಿದ್ದ ಆ ವರ್ಷಗಳಲ್ಲಿ ಕಾಗದ ಪಟ್ಟ ಪಾಡೇನು? 1996ರಲ್ಲಿ ಇದೇ ಸೀಮೆಯ ಆಚೆ, ಈರೋಡು ಜಿಲ್ಲೆಯ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ಕಣಕ್ಕಿಳಿದವರು 1,033 ಮಂದಿ. ಮತಪತ್ರವನ್ನು ಪುಸ್ತಕದಂತೆ ಹೊಲಿಯಬೇಕಾಯಿತು! ಅದೇ ವರ್ಷ ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಹುರಿಯಾಳುಗಳು. ಈಗಿನ ಮೂರನೇ ಪೀಳಿಗೆಯ ಯಂತ್ರಕ್ಕೆ ಗುಂಡಿಗಳಿರುವ ಘಟಕಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಹೋದರೆ 384 ಹೆಸರುಗಳವರೆಗೆ ಹಿಡಿಯುತ್ತದೆ. ಮನೆಯ ಕರೆಂಟು ಬೇಡ, ಬ್ಯಾಟರಿ ಸಾಕು. ಹಾಗಿಲ್ಲದಿದ್ದರೆ ಪೆನ್ನಾಗರಂ ಸುತ್ತಲಿನ ಗುಡ್ಡದೂರುಗಳಿಗೆ ಇದನ್ನು ಹೊತ್ತೊಯ್ದು ಫಲವೇನು? 2010ರ ಮಾರ್ಚ್‌ನಲ್ಲಿ ಪೆನ್ನಾಗರಂ ಉಪಚುನಾವಣೆ ತಮಿಳುನಾಡಿನ ಕಣ್ಣೆಲ್ಲ ತನ್ನತ್ತ ಸೆಳೆದಾಗ, ನೂರಕ್ಕೆ 80ಕ್ಕೂ ಹೆಚ್ಚು ಮತದಾರರು ಸಾಲು ನಿಂತು ಗುಂಡಿ ಒತ್ತಿದರು.

ಇಷ್ಟು ತಿಳಿದ ಮೇಲೆ ಸುಮ್ಮನಿರಲು ಆಗುತ್ತದೆಯೆ? ಈ ಬಿಇಎಲ್ ಇನ್ನೆಲ್ಲೆಲ್ಲಿ ನಮಗೆ ತಿಳಿಯದಂತೆ ಮನೆಯೊಳಗೆ ಬಂದಿದೆ ಎಂದು ಹುಡುಕುತ್ತ ಹೋದೆ. ಹೋದಲ್ಲೆಲ್ಲ ಸಿಕ್ಕಿತು!

ಅಜ್ಜನ ರೇಡಿಯೊ ನೆನಪಿದೆಯೆ? ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಲು ಆರಂಭಿಸಿತು. ರೇಡಿಯೊ ರಿಪೇರಿ ಮಾಡುತ್ತಿದ್ದ ಹಳಬರನ್ನು ಕೇಳಿ ನೋಡಿ, ಎಸಿ 127, ಎಸಿ 128 ಎಂದರೆ ಅವರ ಕಣ್ಣು ಅರಳುತ್ತದೆ. ಬೆರಳ ತುದಿಯಷ್ಟಿದ್ದ ಆ ಟ್ರಾನ್ಸಿಸ್ಟರ್‌ಗಳ ಮೇಲೆ ಬಿಇಎಲ್ ಎಂದಿರುತ್ತಿತ್ತು. ಆಕಾಶವಾಣಿಗೆ ಪ್ರಸಾರ ಯಂತ್ರ ಕೊಟ್ಟದ್ದೂ ಅದೇ ಸಂಸ್ಥೆ. ಅಂದರೆ ಹಾಡು ಹೊರಟ ಕಡೆಯೂ ಬಿಇಎಲ್, ಬಂದು ಸೇರಿದ ಕಡೆಯೂ ಬಿಇಎಲ್! 1970ರಲ್ಲಿ ಕಪ್ಪು ಬಿಳುಪು ಟಿ.ವಿ.ಯ ಚಿತ್ರನಳಿಕೆ ಬಂತು. 2011ರಲ್ಲಿ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಗೆ ಬಂದವರ ಕೈಯಲ್ಲಿ ಪುಟ್ಟ ಟ್ಯಾಬ್ಲೆಟ್ ಇತ್ತಲ್ಲ, ಅಂಥವನ್ನು ದೇಶಕ್ಕೆಲ್ಲ ಲಕ್ಷಗಟ್ಟಲೆ ಒದಗಿಸಲು ಮುಂದೆ ನಿಂತದ್ದೂ ಬಿಇಎಲ್. 2020ರ ಕೊರೋನಾ ದಿನಗಳಲ್ಲಿ ಸರ್ಕಾರ 30,000 ವೆಂಟಿಲೇಟರ್ ಕೇಳಿತು. ಹಿಂದೆಂದೂ ಆ ಕೆಲಸ ಮಾಡದ ರೇಡಾರ್ ಕಂಪನಿ ಮೈಸೂರಿನ ಸ್ಕ್ಯಾನ್‌ರೇ ಜೊತೆ ಕೈಜೋಡಿಸಿ, ತಿಂಗಳುಗಳಲ್ಲಿ ಅಷ್ಟನ್ನೂ ಕಟ್ಟಿಕೊಟ್ಟಿತು. ಉಸಿರು, ಮತ, ಹಾಡು. ಇವೆಲ್ಲ ಮುಳ್ಳುತಂತಿ ಹಾಕಿದ ರಕ್ಷಣಾ ಕಾರ್ಖಾನೆಯೊಂದರಿಂದ ಬಂದವು ಎಂದರೆ ನಂಬುವುದು ಕಷ್ಟ, ಆದರೆ ಬಂದದ್ದು ನಿಜ.

ಕೈಹಾಕಿದ್ದೆಲ್ಲ ಚಿನ್ನವಾಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕನಸು ಕಂಡ ಅಗ್ಗದ ಕೈಗಣಕ ‘ಸಿಂಪ್ಯೂಟರ್’ ಅನ್ನು ಬಿಇಎಲ್ 2004ರಲ್ಲಿ ತಯಾರಿಸಿತು. ಸ್ಮಾರ್ಟ್‌ಫೋನ್ ಮನೆಮಾತಾಗುವ ಮೊದಲೇ ಅಂಥದೊಂದು ಯಂತ್ರ ಬೆಂಗಳೂರಿನಲ್ಲಿತ್ತು! ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಸಂಸ್ಥೆ ಬೆಳೆದದ್ದು ಹೇಗೆ? ನನಗೆ ಕಂಡ ಗುಟ್ಟು ಇದು: ಬಿಇಎಲ್ ಮೆಟ್ಟಿಲು ಹತ್ತುತ್ತಲೇ ಬಂದಿದೆ. 1954ರಲ್ಲಿ ಅದು ಹುಟ್ಟಿದಾಗ ವಿದ್ಯೆ ಹೇಳಿಕೊಟ್ಟದ್ದು ಫ್ರಾನ್ಸಿನ ಸಿಎಸ್‌ಎಫ್ ಕಂಪನಿ. ಮೊದಲು ವೈರ್‌ಲೆಸ್ ಸೆಟ್ಟು, ಆಮೇಲೆ ವಾಲ್ವ್, 1966ರಿಂದ ರೇಡಾರ್. ಬಿಡಿಭಾಗದ ಮಾರುಕಟ್ಟೆಗೆ ವಿದೇಶಿ ಸರಕು ನುಗ್ಗಿದಾಗ ಬಿಇಎಲ್ ಒಂದು ಮೆಟ್ಟಿಲು ಮೇಲೆ ಹೋಗಿತ್ತು. ಈಗಿನ ಮೆಟ್ಟಿಲು ಯಾವುದು? ಎಲ್ಲ ಯಂತ್ರಗಳನ್ನೂ ಒಂದಕ್ಕೊಂದು ಮಾತಾಡಿಸುವುದು!

‘ಆಕಾಶತೀರ್’ ಅಂದರೆ ಅದೇ. 2023ರ ಮಾರ್ಚ್‌ನಲ್ಲಿ ಸೈನ್ಯಕ್ಕಾಗಿ ರಕ್ಷಣಾ ಸಚಿವಾಲಯ ಬಿಇಎಲ್‌ಗೆ ಕೊಟ್ಟ 1,982 ಕೋಟಿ ರೂಪಾಯಿಯ ಗುತ್ತಿಗೆ. ಒಂದೊಂದು ರೇಡಾರ್ ಆಕಾಶದ ಒಂದೊಂದು ತುಂಡನ್ನು ನೋಡುತ್ತದೆ. ಒಂದು ಕಂಡದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಬರುತ್ತಿರುವುದು ನಮ್ಮ ವಿಮಾನವೋ, ಶತ್ರುವಿನ ಡ್ರೋನೋ ಎಂದು ಫೋನಿನಲ್ಲಿ ಕೇಳಿ ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆಕಾಶತೀರ್ ಆ ತುಂಡುಗಳನ್ನೆಲ್ಲ ಹೊಲಿದು ಒಂದೇ ಚಿತ್ರ ಮಾಡಿ, ಗಡಿಯಲ್ಲಿ ಫಿರಂಗಿಯ ಮುಂದೆ ಕೂತವರ ಪರದೆಗೆ ಕಳಿಸುತ್ತದೆ. ವಾಯುಪಡೆಗೆ ಇಂಥದೇ ಜಾಲ ‘ಐಎಸಿಸಿಎಸ್’, ಅದನ್ನು ಕಟ್ಟಿದ್ದೂ ಬಿಇಎಲ್. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ರಾತ್ರಿಗಳಲ್ಲಿ, ಗಡಿ ದಾಟಿ ಬಂದ ಡ್ರೋನು, ಕ್ಷಿಪಣಿಗಳ ಎದುರು ಆಕಾಶತೀರ್ ಕೆಲಸ ಮಾಡಿತು. ಅಲ್ಲಿಯವರೆಗೆ ಅದರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಈಚಿನ ಬೆಳವಣಿಗೆಗಳನ್ನು ಓದುತ್ತ ಕೂತರೆ ಉಸಿರು ಬಿಗಿಹಿಡಿಯುವಂತಾಗುತ್ತದೆ. 2022-23ರಲ್ಲಿ ಸುಮಾರು 17,300 ಕೋಟಿ ರೂಪಾಯಿ ಇದ್ದ ವಹಿವಾಟು 2024-25ಕ್ಕೆ ಸುಮಾರು 23,000 ಕೋಟಿ! 2025ರ ಏಪ್ರಿಲ್ 1ಕ್ಕೆ ಕೈಯಲ್ಲಿದ್ದ ಆರ್ಡರ್ ಬುಕ್ 71,000 ಕೋಟಿಗೂ ಹೆಚ್ಚು; ಆ ವೇಗದಲ್ಲಿ ದುಡಿದರೆ ಮೂರು ವರ್ಷಕ್ಕೆ ಸಾಕಾಗುವಷ್ಟು ಕೆಲಸ. ವಾಯುಪಡೆಗಾಗಿ ‘ಅಶ್ವಿನಿ’ ರೇಡಾರ್‌ಗಳಿಗೆ 2025ರ ಮಾರ್ಚ್‌ನಲ್ಲಿ 2,906 ಕೋಟಿಯ ಗುತ್ತಿಗೆ. ಶೀಘ್ರ ಪ್ರತಿಕ್ರಿಯೆಯ ನೆಲದಿಂದ ಬಾನಿಗೆ ಚಿಮ್ಮುವ ಕ್ಷಿಪಣಿ ವ್ಯವಸ್ಥೆಗೆ ಸೈನ್ಯ ಬಿಇಎಲ್‌ನಿಂದ ಟೆಂಡರ್ ಕೇಳಿತು, ಮೊತ್ತ ಸುಮಾರು 30,000 ಕೋಟಿ. ಮುಂದಿನ ಪೀಳಿಗೆಯ ಯುದ್ಧವಿಮಾನ ‘ಆಮ್ಕಾ’ಕ್ಕಾಗಿ ಎಲ್ ಅಂಡ್ ಟಿ ಜೊತೆ ಕೂಟ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2025ರ ನವೆಂಬರ್‌ನಲ್ಲಿ ಫ್ರಾನ್ಸಿನ ಸಫ್ರಾನ್ ಜೊತೆ ಆದ ಒಪ್ಪಂದ. ‘ಹ್ಯಾಮರ್’ ಅಸ್ತ್ರವನ್ನು ಭಾರತದಲ್ಲೇ ತಯಾರಿಸಲು ಇಬ್ಬರದೂ ಸಮಪಾಲು, 50:50. ಒಂದು ಕಾಲಕ್ಕೆ ಫ್ರೆಂಚರ ಎದುರು ಪಾಠ ಕೇಳುತ್ತ ಕೂತಿದ್ದ ಸಂಸ್ಥೆ ಈಗ ಅದೇ ದೇಶದ ಕಂಪನಿಯ ಜೊತೆ ಒಂದೇ ಮೇಜಿನಲ್ಲಿ ಸರಿಸಮನಾಗಿ ಕೂತಿದೆ!

ಕೊರತೆಯೂ ಇದೆ, ಹೇಳಿಬಿಡುತ್ತೇನೆ. 2024-25ರಲ್ಲಿ ಹೊರದೇಶಕ್ಕೆ ಮಾರಿದ್ದು ಸುಮಾರು 10.6 ಕೋಟಿ ಡಾಲರ್; ಒಟ್ಟು ವಹಿವಾಟಿನಲ್ಲಿ ಅದು ನೂರಕ್ಕೆ ನಾಲ್ಕರಷ್ಟೂ ಅಲ್ಲ. ಆದಾಯದ ಶೇಕಡಾ 80ಕ್ಕೂ ಹೆಚ್ಚು ರಕ್ಷಣೆಯಿಂದಲೇ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಷೇರು ಸರ್ಕಾರದ್ದು, ಬಹುಪಾಲು ಗಿರಾಕಿಯೂ ಸರ್ಕಾರವೇ. ವಾಲ್ವ್, ಚಿತ್ರನಳಿಕೆ, ಮತಯಂತ್ರಗಳ ಮೂಲಕ ಮನೆಮನೆ ತಲುಪಿದ್ದ ಸಂಸ್ಥೆ ಮತ್ತೆ ಆ ದಾರಿ ಹಿಡಿದರೆ ಎಷ್ಟು ಚೆನ್ನ ಎಂದು ನನ್ನ ಮನಸ್ಸು ಹೇಳುತ್ತದೆ. ವೆಂಟಿಲೇಟರ್ ಕಟ್ಟಿದ ಕೈಗಳಿಗೆ ಅದು ಆಗದ ಕೆಲಸವೇನಲ್ಲ.

ಇಷ್ಟಕ್ಕೂ ಪೆನ್ನಾಗರಂಗೆ ಇದರಿಂದ ಏನು? ನಕಾಶೆ ತೆಗೆದು ನೋಡಿ. ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರ್ 2019ರ ಜನವರಿ 20ರಂದು ತಿರುಚ್ಚಿಯಲ್ಲಿ ಆರಂಭವಾಯಿತು. ಅದರ ಐದು ಕೇಂದ್ರಗಳು ಚೆನ್ನೈ, ಕೊಯಮತ್ತೂರು, ತಿರುಚ್ಚಿ, ಹೊಸೂರು ಮತ್ತು ಸೇಲಂ. ಹೊಸೂರಿನಿಂದ ಸೇಲಂಗೆ ಹೋಗುವ ಹೆದ್ದಾರಿ ಧರ್ಮಪುರಿಯ ಮೇಲೇ ಹಾಯುತ್ತದೆ. ಜಾಲಹಳ್ಳಿಯ ಒಂದು ರೇಡಾರಿಗೆ ಸಾವಿರಾರು ಸಣ್ಣ ಭಾಗಗಳು ಬೇಕು: ಲೇತ್ ಹಿಡಿದವರು ಕಡೆದ ಲೋಹ, ತಂತಿಕಟ್ಟು, ಸರ್ಕ್ಯೂಟ್ ಬೋರ್ಡು. ಇವೆಲ್ಲ ದೊಡ್ಡ ಕಾರ್ಖಾನೆಯೊಳಗೇ ಆಗುವುದಿಲ್ಲ, ಸುತ್ತಲ ಊರುಗಳ ಶೆಡ್ಡುಗಳಲ್ಲೂ ಆಗುತ್ತವೆ. ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರು, ಹೊಸೂರಿನ ಬಸ್ ಹತ್ತುವ ಈ ಸೀಮೆಯ ಹುಡುಗ ಹುಡುಗಿಯರಿಗೆ, ಅವರು ಕನ್ನಡದವರಿರಲಿ ತಮಿಳಿನವರಿರಲಿ, ಆ ಶೆಡ್ಡುಗಳ ಬಾಗಿಲು ದೂರವಿಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ರಾಕೆಟ್ ಹಾರಿಸಿದ ಮೈಸೂರು ಪಡೆ ಒಂದು ಕಾಲಕ್ಕೆ ಕಾವಲು ನಿಂತಿದ್ದ ನೆಲ ಇದು.

ಮುಂದಿನ ಚುನಾವಣೆಯ ದಿನ, ಪೆನ್ನಾಗರಂನಲ್ಲಾಗಲಿ ಪಿರಿಯಾಪಟ್ಟಣದಲ್ಲಾಗಲಿ, ಆ ನೀಲಿ ಗುಂಡಿ ಒತ್ತುವ ಮುನ್ನ ಒಂದು ಕ್ಷಣ ನಿಂತು ಯಂತ್ರವನ್ನು ನೋಡಿ. ಒತ್ತಿದ ಮೇಲೆ ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ನಿಮ್ಮ ಮತದ ಚೀಟಿ ಏಳು ಸೆಕೆಂಡು ಕಾಣುತ್ತದೆ. ಆ ಏಳು ಸೆಕೆಂಡಿನಲ್ಲಿ ಜಾಲಹಳ್ಳಿಯನ್ನು ನೆನೆಯಿರಿ, ರಂಗರಾಜನ್ ಅವರನ್ನೂ.