ಒಂದು ವರ್ಷ ದಂಡವಾದೀತೇ?

ಬೆಳಗಿನ ಹೊತ್ತು ಗೊರಗುಂಟೆಪಾಳ್ಯದ ಮೆಟ್ರೋ ನಿಲ್ದಾಣದಲ್ಲಿ ನಿಂತು ನೋಡಿದರೆ, ಪೀಣ್ಯದ ಕಾರ್ಖಾನೆಗಳತ್ತ ಧಾವಿಸುವವರ ನಡುವೆ ಪುಸ್ತಕದ ಚೀಲ ಹೊತ್ತ ತರುಣ ತರುಣಿಯರೂ ಕಾಣಸಿಗುತ್ತಾರೆ. ಓದಿಗೆ ಒಂದು ವರ್ಷ ಬಿಡುವೆಂದರೆ ಇಂಥವರ ಹೆತ್ತವರ ಎದೆ ಝಲ್ಲೆನ್ನುವುದು ಸಹಜ. "ವರ್ಷ ದಂಡವಾಯಿತು" ಎಂಬುದು ನಮ್ಮಲ್ಲಿ ನಪಾಸಾದವರನ್ನು ಕುರಿತು ಆಡುವ ಮಾತಷ್ಟೆ!

ಇಂಗ್ಲೆಂಡಿನ ರೂಢಿಯೇ ಬೇರೆ. 1958ರಲ್ಲಿ ಅಲೆಕ್ ಡಿಕ್ಸನ್ ದಂಪತಿಗಳು ಸ್ಥಾಪಿಸಿದ ಸೇವಾಸಂಸ್ಥೆಯು, ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು ಒಂದು ವರ್ಷ ಪರದೇಶಗಳಿಗೆ ಕಳುಹಿಸತೊಡಗಿತು. ಇಂದು ಅಲ್ಲಿಯ ಹಾಗೂ ಆಸ್ಟ್ರೇಲಿಯದ ಕೆಲವು ವಸತಿಶಾಲೆಗಳು ಹೊರನಾಡಿನ ತರುಣರನ್ನು ಒಂದು ವರ್ಷದ ಮಟ್ಟಿಗೆ ಕೆಲಸಕ್ಕೆ ಕರೆಸಿಕೊಳ್ಳುವುದುಂಟು. ಆಟದ ಬಯಲಿನಲ್ಲಿ ನೆರವು, ಸಂಜೆಯ ಓದಿನ ವೇಳೆ ಮೇಲ್ವಿಚಾರಣೆ, ಮನೆ ನೆನೆದು ಅಳುವ ಚಿಕ್ಕವರಿಗೆ ಸಮಾಧಾನ, ಇವು ಅವರ ಕೆಲಸ. ಊಟ, ವಸತಿ, ಅಲ್ಪ ಸಂಬಳ, ಇವು ಪ್ರತಿಫಲ.

ನಮ್ಮವರಿಗೆ ಮಾತ್ರ ಪಿ.ಯು.ಸಿ. ಮುಗಿದೊಡನೆ ಈ ದಾರಿ ಸುಲಭವಲ್ಲ. ಭಾರತೀಯ ಯುವಜನರಿಗಾಗಿ ಬ್ರಿಟನ್ 2023ರಲ್ಲಿ ತೆರೆದ ಯೋಜನೆಯಂತೆ, 18ರಿಂದ 30 ವಯಸ್ಸಿನ ಪದವೀಧರರು ಎರಡು ವರ್ಷದವರೆಗೆ ಅಲ್ಲಿದ್ದು ದುಡಿಯಬಹುದು. ವರ್ಷಕ್ಕೆ 3000 ಮಂದಿಗೆ ಅವಕಾಶ. ಆಯ್ಕೆ ಚೀಟಿ ಎತ್ತಿ. ಕೈಯಲ್ಲಿ 2530 ಪೌಂಡುಗಳ ಉಳಿತಾಯವಿರಬೇಕು. ಆದುದರಿಂದ ಪದವಿ ಮೊದಲು, ಪ್ರಯಾಣ ಅನಂತರ.

ಮನೆಯಲ್ಲಿ ಉಂಡ ತಟ್ಟೆಯನ್ನೂ ತೊಳೆಯದ ಮಗ, ಪರರ ಮಕ್ಕಳ ಕಣ್ಣೀರು ಒರೆಸಲು ಕಲಿತು ಹಿಂದಿರುಗಿದರೆ, ಆ ವರ್ಷ ದಂಡವಾಯಿತೆಂದು ಯಾವ ತಾಯಿ ತಾನೆ ಹೇಳಿಯಾಳು?