ಸರಪಣಿ ಸುತ್ತಿದ ಮರದ ಮನೆ

ಕಲ್ಲಿನ ಮನೆ ಬಾಳುವುದು, ಮರದ ಮನೆ ಬೀಳುವುದು ಎಂಬುದು ಲೋಕದ ನಂಬಿಕೆ. ಅಮೆರಿಕಾದ ಫ್ಲಾರಿಡಾ ಸಂಸ್ಥಾನದಲ್ಲಿರುವ ಸೇಂಟ್ ಆಗಸ್ಟೀನ್ ಪಟ್ಟಣದಲ್ಲಿ, ಹಳೆಯ ಊರಬಾಗಿಲಿನ ಬಳಿ, ಈ ನಂಬಿಕೆಯನ್ನು ಸುಳ್ಳುಮಾಡಿ ಪುಟ್ಟ ಮರದ ಮನೆಯೊಂದು ಇಂದಿಗೂ ನಿಂತಿದೆ. ಅದರ ಸುತ್ತಲೂ ದಪ್ಪನೆಯ ಕಬ್ಬಿಣದ ಸರಪಣಿಯನ್ನು ಬಿಗಿದಿದ್ದಾರೆ. ಮನೆಗೇಕೆ ಸಂಕೋಲೆ?

ಸ್ಪೇನಿನವರು ಈ ಪಟ್ಟಣವನ್ನು 1565ರಲ್ಲಿ ಸ್ಥಾಪಿಸಿದರು. 1702ರಲ್ಲಿ ಕ್ಯಾರೊಲಿನಾದ ಇಂಗ್ಲಿಷರು ದಂಡೆತ್ತಿ ಬಂದಾಗ ಜನರು ಕೋಟೆಯನ್ನು ಹೊಕ್ಕು ಪ್ರಾಣ ಉಳಿಸಿಕೊಂಡರು. ಊರು ಸುಟ್ಟು ಬೂದಿಯಾಯಿತು. ಕಡಲ ಚಿಪ್ಪುಗಳು ಒತ್ತಿ ಗಟ್ಟಿಯಾದ ಕೊಕಿನಾ ಎಂಬ ಕಲ್ಲಿನ ಕೋಟೆಗೆ ಮಾತ್ರ ಕೇಡು ತಟ್ಟಲಿಲ್ಲ. ಬಳಿಕ ಅನುಕೂಲವಿದ್ದವರು ಆ ಕಲ್ಲಿನಿಂದಲೇ ಮನೆ ಕಟ್ಟಿಸತೊಡಗಿದರು. ಇಲ್ಲದವರಿಗೆ ಮರವೇ ಗತಿ.

ನಮ್ಮ ಮನೆಯ ಯಜಮಾನನೂ ಇಲ್ಲದವನಾಗಿಯೇ ಬಂದವನು. 1763ರಲ್ಲಿ ಫ್ಲಾರಿಡಾ ಇಂಗ್ಲಿಷರ ವಶವಾಯಿತು. 1768ರಲ್ಲಿ ಆಂಡ್ರೂ ಟರ್ನ್‌ಬುಲ್ ಎಂಬ ವೈದ್ಯನು ನೀಲಿಯ ಬೆಳೆ ತೆಗೆಯಲೆಂದು ಮಿನೋರ್ಕಾ ದ್ವೀಪ, ಇಟಲಿ, ಗ್ರೀಸುಗಳಿಂದ ಸುಮಾರು 1,400 ಜನರನ್ನು ಹಡಗು ಹತ್ತಿಸಿದನು. ಕೆಲವು ವರ್ಷ ದುಡಿದರೆ ಸ್ವಂತ ಭೂಮಿ ಎಂಬುದು ಕರಾರು. ದೊರೆತದ್ದು ಜ್ವರ, ಹಸಿವು, ಮೇಸ್ತ್ರಿಗಳ ಏಟು. ಒಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಡಿದರು. ಉಳಿದವರಲ್ಲಿ ಸುಮಾರು 600 ಮಂದಿ 1777ರಲ್ಲಿ ನ್ಯೂ ಸ್ಮಿರ್ನಾವನ್ನು ತೊರೆದು, ಸುಮಾರು 70 ಮೈಲಿ ನಡೆದು ಸೇಂಟ್ ಆಗಸ್ಟೀನನ್ನು ಸೇರಿದರು. ಗವರ್ನರನು ಅವರನ್ನು ಕರಾರಿನಿಂದ ಬಿಡುಗಡೆ ಮಾಡಿದನು. ಅವರು ನೆಲೆಸಿದ ಕೇರಿಗೆ ಮಿನೋರ್ಕನರ ಕೇರಿಯೆಂದೇ ಹೆಸರಾಯಿತು.

ಆ ಗುಂಪಿನಲ್ಲಿ ಗ್ರೀಸಿನ ಮಾನಿ ಸೀಮೆಯ ಬಡಗಿಯೊಬ್ಬನಿದ್ದನು. ಅವನ ಹೆಸರು ಯಾನೊಪುಲೊಸ್. ಸ್ಪೇನಿನವರ ಬಾಯಲ್ಲಿ ಹ್ವಾನ್ ಹೆನೋಪ್ಲಿಯಾದನು. ಪರರ ನೆಲದಲ್ಲಿ ಬೆವರು ಸುರಿಸಿ ಬರಿಗೈಯಲ್ಲಿ ಬಂದವನಿಗೆ ಕೈಕಸುಬೇ ಆಸ್ತಿ. ಮನೆಗೆ ಆರಿಸಿದ ಮರಗಳಲ್ಲಿಯೇ ಬಡಗಿಯ ಜಾಣ್ಮೆ ಕಾಣುತ್ತದೆ: ಜೌಗುನೆಲದ ಸೈಪ್ರೆಸ್ ಮತ್ತು ಕೆಂಪು ಸೀಡರ್. ಎರಡೂ ತೇವಕ್ಕೆ ಬೇಗನೆ ಕೊಳೆಯುವವಲ್ಲ. ಮರಗಳನ್ನು ಬೆಣೆ ಬಡಿದು, ಕೈಯಿಂದ ಬಡಿದ ಕಬ್ಬಿಣದ ಮೊಳೆಗಳಿಂದ ಕೂಡಿಸಿದ್ದಾರೆ. ಅಡಿಗೆಯ ಮನೆ ಮಾತ್ರ ಹಿತ್ತಿಲಲ್ಲಿ ಬೇರೆಯಾಗಿದೆ. ಬೇಸಗೆಯ ಝಳವೂ ಬೆಂಕಿಯ ಭಯವೂ ಒಳಗೆ ಬಾರದಿರಲೆಂದು. ಮರದ ಮನೆಯಲ್ಲಿ ಒಲೆ ಹೊತ್ತಿಸಿದ ಗೃಹಿಣಿಯರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮನೆಯಲ್ಲಿ ಶಾಲೆಯೂ ನಡೆಯಿತಂತೆ. ಕೆಳಗೆ ಪಾಠ, ಅಟ್ಟದ ಮೇಲೆ ಉಪಾಧ್ಯಾಯರ ವಾಸ. ತುಂಟ ಹುಡುಗರನ್ನು ಮೆಟ್ಟಲ ಕೆಳಗಿನ ಕತ್ತಲಗೂಡಿಗೆ ತಳ್ಳುತ್ತಿದ್ದರೆಂದು ಅಲ್ಲಿ ಹೇಳುತ್ತಾರೆ. ದೇಶದ ಅತಿ ಹಳೆಯ ಮರದ ಶಾಲೆ ಇದೇ ಎಂಬುದು ಊರಿನವರ ಹೆಮ್ಮೆ. ಹೆಮ್ಮೆಯ ಮಾತಿಗೆ ಲೆಕ್ಕ ಕೇಳುವುದು ಅತಿಥಿಗಳಿಗೆ ಸಲ್ಲದು. ಆದರೆ ಶಾಲೆಗಿಂತ ಬಡಗಿಯ ಮನೆಯೆಂದೇ ಅದು ನನಗೆ ಹೆಚ್ಚು ಪ್ರಿಯ.

ಹೆನೋಪ್ಲಿ 1820ರಲ್ಲಿ ತೀರಿಕೊಂಡನು. ಮರುವರ್ಷವೇ ಸ್ಪೇನಿನವರು ಫ್ಲಾರಿಡಾವನ್ನು ಅಮೆರಿಕಾಕ್ಕೆ ಬಿಟ್ಟುಕೊಟ್ಟರು. ಬಾವುಟಗಳು ಬದಲಾದವು, ಮನೆ ಕದಲಲಿಲ್ಲ. ಬೆಂಕಿಗೂ ಗೆದ್ದಲಿಗೂ ಉಳಿದ ಮನೆಗೆ ಕಡಲ ಬಿರುಗಾಳಿಯ ಅಂಜಿಕೆ ಮಾತ್ರ ತಪ್ಪಿರಲಿಲ್ಲ. ಅದಕ್ಕಾಗಿಯೇ 1937ರಲ್ಲಿ, ಮನೆ ನೆಲ ಬಿಟ್ಟು ಹಾರದಿರಲೆಂದು, ಹಡಗನ್ನು ಲಂಗರಿಗೆ ಕಟ್ಟುವಂತೆ ಅದಕ್ಕೆ ಸರಪಣಿಯನ್ನು ಬಿಗಿದರು.