ಬೀಟಾ ಎಂಬ ಹಣೆಪಟ್ಟಿ

ಗೂಗಲ್ ಸಂಸ್ಥೆಯು 2004ರ ಏಪ್ರಿಲ್ 1ರಂದು ಹೊರತಂದ ಜಿಮೇಲ್, ಕೋಟ್ಯಂತರ ಜನರ ನಿತ್ಯವ್ಯವಹಾರಕ್ಕೆ ಆಧಾರವಾದ ಮೇಲೆಯೂ, 2009ರ ಜುಲೈವರೆಗೆ ‘ಬೀಟಾ’ ಎಂಬ ಹಣೆಪಟ್ಟಿಯನ್ನು ಧರಿಸಿಕೊಂಡೇ ಇದ್ದಿತು. ತಂತ್ರಾಂಶವು ಇನ್ನೂ ಪರೀಕ್ಷಾವಸ್ಥೆಯಲ್ಲಿದೆ, ದೋಷಗಳು ತಲೆದೋರಬಹುದು ಎಂದು ಬಳಕೆದಾರನನ್ನು ಎಚ್ಚರಿಸಬೇಕಾದ ಆ ಗುರುತು, ಐದು ವರ್ಷಗಳಿಗೂ ಮಿಗಿಲಾಗಿ ಉಳಿದುದರಿಂದ, ಕೇವಲ ಅಲಂಕಾರವಾಯಿತು. ಕೆಲವರಿಗೆ ಅದು ಪ್ರತಿಷ್ಠೆಯ ಲಾಂಛನವೂ ಆಗಿತ್ತೆನ್ನಿ! ಇದಕ್ಕೆ ವ್ಯತಿರಿಕ್ತವಾಗಿ, ಕಾರ್ಯಾಚರಣ ವ್ಯವಸ್ಥೆಯೊಂದರ ಉಬುಂಟು 24.04 ಎಲ್‌ಟಿಎಸ್ ಎಂಬ ಹೆಸರಾದರೋ, 2024ರ ಏಪ್ರಿಲ್‌ನಲ್ಲಿ ಹೊರಬಂದುದೆಂಬುದನ್ನೂ, ದೀರ್ಘಾವಧಿಯ, ಎಂದರೆ ಐದು ವರ್ಷಗಳ, ಭದ್ರತಾ ಪರಿಷ್ಕರಣೆಗಳು ದೊರೆಯುವುವೆಂಬುದನ್ನೂ ಸೂಚಿಸುತ್ತದೆ. ಇಂತಹ ಭರವಸೆಯನ್ನು ನೀಡದ ತಂತ್ರಾಂಶಕ್ಕೆ ನಿಮ್ಮ ಅಮೂಲ್ಯ ದಾಖಲೆಗಳನ್ನು ಒಪ್ಪಿಸುವ ಮುನ್ನ, ದಯವಿಟ್ಟು ಒಂದು ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳಿರಿ.